ಹಳೇ ಬಾಂಡ್ ಮತ್ತೆ ಹೊಸಬನಾಗಿದ್ದು ಹೇಗೆ?

2005ರ ಅಕ್ಟೋಬರ್ ತಿಂಗಳು. ಲಂಡನ್ನಿನ ಥೇಮ್ಸ್ ನದಿಯಲ್ಲಿ ನೌಕಾಪಡೆಯ ಒಂದು ಬೋಟು ಬಂತು. ಅದರಲ್ಲಿ ಸೂಟು ಹಾಕಿಕೊಂಡ ಒಬ್ಬ ಮನುಷ್ಯ. ಸೂಟಿನ ಮೇಲೆ ಲೈಫ್ ಜಾಕೆಟ್. ಹೊಂಬಣ್ಣದ ಕೂದಲು. ಇವನೇ ಹೊಸ ಜೇಮ್ಸ್ ಬಾಂಡ್ ಅಂತ ಪತ್ರಕರ್ತರಿಗೆ ಪರಿಚಯ ಮಾಡಿಸಿದರು. ಹೆಸರು ಡೇನಿಯಲ್ ಕ್ರೇಗ್.

ಅಲ್ಲಿಂದ ಶುರುವಾಯಿತು ಗಲಾಟೆ. ಬಾಂಡ್‌ಗೆ ಕಪ್ಪು ಕೂದಲು ಇರಬೇಕು, ಎತ್ತರ ಇರಬೇಕು, ಮುಖದಲ್ಲಿ ರಾಜಕಳೆ ಇರಬೇಕು. ಲೈಫ್ ಜಾಕೆಟ್ ಹಾಕಿಕೊಳ್ಳುವ ಬಾಂಡ್ ಎಲ್ಲಾದರೂ ಉಂಟಾ? ಇವನು ಬಾಂಡ್ ಅಲ್ಲ ಅಂತ ಹೇಳುವುದಕ್ಕೇ ಒಂದು ವೆಬ್‌ಸೈಟ್ ಹುಟ್ಟಿಕೊಂಡಿತು. ಸಿನಿಮಾ ನೋಡಬೇಡಿ ಅಂತ ಕರೆ ಕೊಟ್ಟರು. ಕರೆ ಕೊಟ್ಟವರು ಬಾಂಡ್ ಕಂಡರೆ ಆಗದವರಲ್ಲ, ಬಾಂಡ್ ಅಂದರೆ ಪ್ರಾಣ ಬಿಡುವವರು.

ನಮ್ಮ ಸಾಗರದ ಮಾವನೂ ಅದೇ ಪಾರ್ಟಿ. ಕಾಲೇಜಿನ ದಿನಗಳಲ್ಲಿ ರೋಜರ್ ಮೂರ್ ಸಿನಿಮಾ ಒಂದನ್ನೂ ಬಿಟ್ಟವರಲ್ಲ. ಪೇಪರಿನಲ್ಲಿ ಕ್ರೇಗ್ ಫೋಟೊ ನೋಡಿ, "ಇವ್ನು ಬಾಂಡಾ? ಬಾಂಡ್‌ನ ಹೊಡೆಯೋಕೆ ವಿಲನ್ ಕಳಿಸಿರೋ ರೌಡಿ ಥರ ಇದಾನಲ್ಲೋ" ಅಂದಿದ್ದರು. ವರ್ಷ ಕಳೆದು 2006ರ ಕೊನೆಗೆ ಬೆಂಗಳೂರಿಗೆ ಬಂದಾಗ, ಬೈಯುವುದಕ್ಕಾದರೂ ನೋಡಬೇಕಲ್ಲ ಅಂತ ಕ್ರೇಗ್‌ನ ಮೊದಲ ಬಾಂಡ್ ಸಿನಿಮಾ 'ಕ್ಯಾಸಿನೊ ರಾಯಲ್'ಗೆ ಬಂದರು. ಮರುದಿನ ಊರಿಗೆ ಹೋಗುವ ಬಸ್ ಟಿಕೆಟ್ ಕ್ಯಾನ್ಸಲ್ ಮಾಡಿಸಿ ಇನ್ನೊಂದು ಸಲ ನೋಡಿದರು.

ಮಾವನಿಗೆ ಆಗಿದ್ದೇ ಲೋಕದ ತುಂಬ ಆಯಿತು. ನಲವತ್ತಕ್ಕೂ ಹೆಚ್ಚು ವರ್ಷ ಓಡಿದ್ದ ಸರಣಿ, ಅದೂ 21ನೇ ಸಿನಿಮಾ, ಇದ್ದಕ್ಕಿದ್ದಂತೆ ಹೊಸದಾಗಿ ಕಂಡಿತು. ಹೇಗೆ? ಒಳ್ಳೆ ಕಥೆ, ಒಳ್ಳೆ ನಟ ಅಂತ ಹೇಳಿ ಮುಗಿಸಬಹುದು. ಆದರೆ ಒಳ್ಳೆ ಕಥೆಯ ಬೇರೆ ಸಿನಿಮಾಗಳೂ ಬರುತ್ತವೆ, ಹೋಗುತ್ತವೆ. ಇಲ್ಲಿ ನಡೆದದ್ದು ಬೇರೆ. ಅಭಿಮಾನಿಗಳ ಹತ್ತಿರ ಇದ್ದದ್ದನ್ನೆಲ್ಲ ಆ ಸಿನಿಮಾ ಮೊದಲು ಕಿತ್ತುಕೊಂಡಿತು. ಆಮೇಲೆ ಒಂದೊಂದಾಗಿ ವಾಪಸ್ ಕೊಟ್ಟಿತು.

ಇದು ಅರ್ಥವಾಗಬೇಕಾದರೆ ಜನ ಬಾಂಡ್ ಸಿನಿಮಾಕ್ಕೆ ಯಾಕೆ ಹೋಗುತ್ತಾರೆ ಅಂತ ನೋಡಬೇಕು. 1962ರ 'ಡಾಕ್ಟರ್ ನೋ'ದಿಂದ ಶುರುವಾಗಿ ಈ ಸಿನಿಮಾಗಳಿಗೆ ಒಂದು ಪೂಜಾಕ್ರಮದಂಥದ್ದು ಬೆಳೆದಿತ್ತು. ಪರದೆ ಮೇಲೆ ಬಿಳಿ ಚುಕ್ಕಿ ಓಡುತ್ತದೆ, ಬಂದೂಕಿನ ನಳಿಗೆಯೊಳಗಿಂದ ನೋಡಿದ ಹಾಗೆ ಬಾಂಡ್ ನಡೆದು ಬರುತ್ತಾನೆ, ತಿರುಗಿ ಗುಂಡು ಹಾರಿಸುತ್ತಾನೆ. ಆಮೇಲೆ ಒಂದು ಭಯಂಕರ ಸಾಹಸ, ಒಂದು ಹಾಡು. ಬಾಂಡ್‌ನ ಬಾಸ್ ಎಂ ಕರೆದು ಕೆಲಸ ಹೇಳುವುದು, ಬಾಸ್‌ನ ಸೆಕ್ರೆಟರಿ ಮನಿಪೆನ್ನಿ ಜೊತೆ ಎರಡು ಮಾತು, ಸಲಕರಣೆ ಮಾಡಿಕೊಡುವ ಕ್ಯೂ ಕೊಡುವ ವಿಚಿತ್ರ ಸಾಮಾನುಗಳು. ಮಾರ್ಟಿನಿಯನ್ನು ಕುಲುಕಬೇಕು, ಕಲಕಬಾರದು. ಕೊನೆಗೆ 'ಬಾಂಡ್, ಜೇಮ್ಸ್ ಬಾಂಡ್'.

ಎಲ್ಲ ಗೊತ್ತಿದ್ದೂ ಜನ ಹೋಗುತ್ತಾರೆ. ಗೊತ್ತಿದೆ ಅಂತಲೇ ಹೋಗುತ್ತಾರೆ. ಯಕ್ಷಗಾನ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದಾಯುದ್ಧದಲ್ಲಿ ಕೌರವ ಕೊನೆಗೆ ಏನಾಗುತ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಆದರೂ ಈ ಸಲ ಯಾರ ವೇಷ, ಹೇಗೆ ಮಾಡುತ್ತಾರೆ ಅಂತ ರಾತ್ರಿಯಿಡೀ ಕೂರುತ್ತೇವೆ. ಪಾತ್ರ ಒಂದೇ, ವೇಷಧಾರಿ ಬೇರೆ. ಶಾನ್ ಕಾನರಿ, ಜಾರ್ಜ್ ಲಾಜೆನ್ಬಿ, ರೋಜರ್ ಮೂರ್, ತಿಮೊಥಿ ಡಾಲ್ಟನ್, ಪಿಯರ್ಸ್ ಬ್ರಾಸ್ನನ್, ಕ್ರೇಗ್. ಅಧಿಕೃತ ಸರಣಿಯಲ್ಲಿ ಆರೇ ಜನ.

ತೊಂದರೆ ಏನೆಂದರೆ, ಕ್ರಮ ಯಾವಾಗ ಮಾಮೂಲಿ ಆಯಿತು ಅಂತ ಗೊತ್ತಾಗುವುದಿಲ್ಲ. ಗೊತ್ತಾಗದೆ ಇದ್ದಾಗ ಜಾಸ್ತಿ ಮಾಡುತ್ತಾ ಹೋಗುತ್ತಾರೆ. ಒಂದು ಸಿನಿಮಾದಲ್ಲಿ ಕಾರು ನೀರಲ್ಲಿ ಮುಳುಗಿ ಹೋದರೆ ಇನ್ನೊಂದರಲ್ಲಿ ಕಾರೇ ಮಾಯ. ಉತ್ಪ್ರೇಕ್ಷೆ ಅಲ್ಲ, 2002ರ 'ಡೈ ಅನದರ್ ಡೇ'ಯಲ್ಲಿ ನಿಜವಾಗಿಯೂ ಕಣ್ಣಿಗೆ ಕಾಣದ ಆಸ್ಟನ್ ಮಾರ್ಟಿನ್ ಇತ್ತು. ದೊಡ್ಡ ಅಲೆಯ ಮೇಲೆ ಬಾಂಡ್ ಗಾಳಿಪಟದಂಥದ್ದು ಹಿಡಿದು ಜಾರಿಕೊಂಡು ಹೋಗುವ ದೃಶ್ಯವೂ ಇತ್ತು. ಅದು ಕಂಪ್ಯೂಟರ್‌ನಲ್ಲಿ ಮಾಡಿದ್ದು ಅಂತ ಸಣ್ಣ ಮಕ್ಕಳಿಗೂ ಗೊತ್ತಾಗುತ್ತಿತ್ತು. ಅದು ಸರಣಿಯ 20ನೇ ಸಿನಿಮಾ, 40ನೇ ವರ್ಷದ್ದು. ಹಾಗಾಗಿ ಹಳೆ ಸಿನಿಮಾಗಳ ನೆನಪುಗಳನ್ನೆಲ್ಲ ಹುಡುಕಿ ತುಂಬಿದ್ದರು. ಮದುವೆ ಊಟದಲ್ಲಿ ಹದಿನಾರು ಬಗೆ ಸಿಹಿ ಬಡಿಸಿದ ಹಾಗೆ.

ತಮಾಷೆ ಅಂದರೆ ಆ ಸಿನಿಮಾ ಸೋಲಲಿಲ್ಲ. ಸುಮಾರು 43 ಕೋಟಿ ಡಾಲರ್ ಗಳಿಸಿತು. ಡಾಲರ್ ಲೆಕ್ಕದಲ್ಲಿ ಅಲ್ಲಿಯವರೆಗಿನ ಬಾಂಡ್ ಸಿನಿಮಾಗಳಲ್ಲಿ ಅದೇ ಜಾಸ್ತಿ. ಆದರೆ ಟಿಕೆಟ್ ತಗೊಳ್ಳುವುದು ಬೇರೆ, ಹುಮ್ಮಸ್ಸು ಬೇರೆ. ಜನ ಹೋದರು, ನೋಡಿದರು, ಹೊರಗೆ ಬಂದು ನಕ್ಕರು. ಅದೇ ವರ್ಷ 'ದ ಬಾರ್ನ್ ಐಡೆಂಟಿಟಿ' ಬಂದಿತ್ತು. ಅಲ್ಲಿನ ಗೂಢಚಾರನ ಹತ್ತಿರ ಯಂತ್ರ ತಂತ್ರ ಏನೂ ಇರಲಿಲ್ಲ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಡುತ್ತಿದ್ದ. 2001ರ ಸೆಪ್ಟೆಂಬರ್ ದಾಳಿಯ ಮೇಲೆ ಗೂಢಚಾರರ ಕಥೆಯನ್ನು ಜನ ನೋಡುವ ರೀತಿಯೂ ಬದಲಾಗಿತ್ತು. ಕಾಣದ ಕಾರು ಆ ಕಾಲಕ್ಕೆ ಹೊಂದುತ್ತಿರಲಿಲ್ಲ. ನಿರ್ಮಾಪಕರಾದ ಬಾರ್ಬರಾ ಬ್ರಾಕೊಲಿ ಮತ್ತು ಮೈಕೆಲ್ ವಿಲ್ಸನ್ ಅವರನ್ನು ಮೆಚ್ಚಬೇಕಾದ್ದು ಇಲ್ಲಿ. ದುಡ್ಡು ಬರುತ್ತಿರುವಾಗಲೇ ಅಂಗಡಿ ಮುಚ್ಚಿ ರಿಪೇರಿಗೆ ಕೂತರು.

ರಿಪೇರಿಗೆ ಬೇಕಾದ ಸಾಮಾನು ಅವರ ಕೈಗೆ ಸಿಕ್ಕಿದ್ದೂ ಒಂದು ಕಥೆ. ಇಯಾನ್ ಫ್ಲೆಮಿಂಗ್ ಬರೆದ ಮೊದಲ ಬಾಂಡ್ ಕಾದಂಬರಿಯೇ 'ಕ್ಯಾಸಿನೊ ರಾಯಲ್', 1953ರದ್ದು. ಸರಣಿ ಶುರುವಾಗುವ ಮೊದಲೇ ಫ್ಲೆಮಿಂಗ್ ಅದರ ಹಕ್ಕನ್ನು ಬೇರೆಯವರಿಗೆ ಮಾರಿಬಿಟ್ಟಿದ್ದರು. 1967ರಲ್ಲಿ ಅದೇ ಹೆಸರಿನಲ್ಲಿ ಒಂದು ಅಣಕು ಸಿನಿಮಾ ಬಂತು. ಅದಕ್ಕೂ ಮೂಲ ಸರಣಿಗೂ ಸಂಬಂಧ ಇಲ್ಲ. ಕೊನೆಗೆ 1999ರಲ್ಲಿ ಎರಡು ದೊಡ್ಡ ಸ್ಟುಡಿಯೋಗಳ ಜಗಳ ರಾಜಿಯಲ್ಲಿ ಮುಗಿದಾಗ ಸೋನಿ ಈ ಕಾದಂಬರಿಯ ಹಕ್ಕನ್ನು ಬಾಂಡ್ ಸಿನಿಮಾಗಳ ಸ್ಟುಡಿಯೋ ಆದ ಎಂಜಿಎಂಗೆ ಬಿಟ್ಟಿತು. ಸ್ಪೈಡರ್‌ಮ್ಯಾನ್ ಮೇಲೆ ತನಗಿದ್ದ ಹಕ್ಕನ್ನು ಎಂಜಿಎಂ ಸೋನಿಗೆ ಬಿಟ್ಟಿತು. ಜೇಡ ಅವರಿಗೆ, ಜೂಜು ಇವರಿಗೆ. ಹಾಗೆ 46 ವರ್ಷ ಆದಮೇಲೆ ಬಾಂಡ್‌ನ ಮೊದಲ ಕಥೆ ಬಾಂಡ್‌ನ ಮನೆ ಸೇರಿತು.

ಮೊದಲ ಕಥೆ ಅಂದಮೇಲೆ ಬಾಂಡ್ ಇನ್ನೂ ಬಾಂಡ್ ಆಗಿರಬಾರದು. ಸಿನಿಮಾದ ಬುದ್ಧಿವಂತಿಕೆ ಎಲ್ಲ ಈ ಒಂದು ಎಳೆಯಲ್ಲಿದೆ.

ಶುರುವಿಗೆ ಬಿಳಿ ಚುಕ್ಕಿ ಇಲ್ಲ. ಕಪ್ಪು ಬಿಳುಪಿನಲ್ಲಿ ಪ್ರಾಗ್ ನಗರ ಕಾಣುತ್ತದೆ. ಬಾಂಡ್ ಒಬ್ಬನನ್ನು ಟಾಯ್ಲೆಟ್ಟಿನಲ್ಲಿ ಹೊಡೆದು, ಸಿಂಕಿನಲ್ಲಿ ಮುಳುಗಿಸಿ ಕೊಲ್ಲುತ್ತಾನೆ. ಅದು ಚೆಂದದ ಕೊಲೆಯಲ್ಲ. ಟೈಲ್ಸ್ ಒಡೆಯುತ್ತವೆ, ಉಸಿರು ಕಟ್ಟುತ್ತದೆ, ಕೈಕಾಲು ಜಾರುತ್ತವೆ. ಮುಗಿಯಿತು ಅಂತ ಬಗ್ಗಿ ಪಿಸ್ತೂಲು ಎತ್ತಿಕೊಳ್ಳುವಾಗ ಬಿದ್ದವನು ಎದ್ದು ಗುರಿ ಹಿಡಿಯುತ್ತಾನೆ. ಬಾಂಡ್ ಗಕ್ಕನೆ ತಿರುಗಿ ಗುಂಡು ಹಾರಿಸುತ್ತಾನೆ. ಅಷ್ಟರಲ್ಲಿ ಚೌಕಟ್ಟು ದುಂಡಗಾಗುತ್ತದೆ, ಮೇಲಿನಿಂದ ಕೆಂಪು ಇಳಿಯುತ್ತದೆ. ಅಯ್ಯೋ, ಇದೇ ಅಲ್ವಾ ಅದು! 1962ರಿಂದ ಪ್ರತಿ ಸಿನಿಮಾದ ತಲೆಯ ಮೇಲೆ ಅಲಂಕಾರದಂತೆ ಕೂತಿದ್ದ ಚಿತ್ರ ಹುಟ್ಟಿದ್ದು ಈ ಗಲೀಜು ಟಾಯ್ಲೆಟ್ಟಿನಲ್ಲಿ ಅಂತ ಸಿನಿಮಾ ಹೇಳುತ್ತಿದೆ. ಹೊಸಬನಿಗೆ ಅದು ಒಂದು ಒಳ್ಳೆ ಶಾಟ್. ಹಳೆ ಅಭಿಮಾನಿಗೆ ಮಾತ್ರ ಮೈ ಜುಮ್ಮೆನ್ನುತ್ತದೆ. ನಲವತ್ತು ವರ್ಷ ನೋಡಿದ್ದಕ್ಕೆ ಸಿಕ್ಕ ಬಡ್ಡಿ ಅದು.

ಮುಂದಕ್ಕೂ ಹೀಗೆಯೇ. ಕ್ಯೂ ಇಲ್ಲ, ಮನಿಪೆನ್ನಿ ಇಲ್ಲ. ಹಳೆಯ ಆಸ್ಟನ್ ಮಾರ್ಟಿನ್ ಡಿಬಿ5 ಬರುತ್ತದೆ, ಆದರೆ ಅದು ಸರ್ಕಾರ ಕೊಟ್ಟಿದ್ದಲ್ಲ, ಬಹಾಮಾಸ್‌ನಲ್ಲಿ ಇಸ್ಪೀಟಿನಲ್ಲಿ ಗೆದ್ದಿದ್ದು. ಡಿನ್ನರ್ ಜಾಕೆಟ್ ಇದೆ, ಆದರೆ ಸರಿಯಾದದ್ದನ್ನು ಅವನಿಗೆ ಕೊಡುವವಳು ವೆಸ್ಪರ್, ಅವನ ಇಸ್ಪೀಟಿನ ದುಡ್ಡಿಗೆ ಕಾವಲಾಗಿ ಸರ್ಕಾರ ಕಳಿಸಿದ ಹೆಣ್ಣು. ಅಳತೆ ಕೊಡದೆ ಹೊಲಿಸಿದ್ದು ಹೇಗೆ ಅಂತ ಅವನು ಸಿಟ್ಟಾಗುತ್ತಾನೆ, ಆಮೇಲೆ ಕನ್ನಡಿ ಮುಂದೆ ನಿಂತು ತನ್ನನ್ನು ತಾನೇ ನೋಡಿಕೊಳ್ಳುತ್ತಾನೆ. ಮೊದಲ ಸಲ ವೇಷ ಕಟ್ಟಿದ ಹುಡುಗ ಚೌಕಿಯ ಕನ್ನಡಿಯಲ್ಲಿ ನೋಡಿಕೊಂಡ ಹಾಗೆ. ಇಸ್ಪೀಟಿನಲ್ಲಿ ದುಡ್ಡೆಲ್ಲ ಕಳೆದುಕೊಂಡು ಬಾರಿಗೆ ಬಂದಾಗ, ಮಾರ್ಟಿನಿ ಕುಲುಕಲೋ ಕಲಕಲೋ ಅಂತ ಕೇಳುತ್ತಾರೆ. ನಂಗೇನು ಆಗಬೇಕಾಗಿದೆ ಅನ್ನೋ ಅರ್ಥದಲ್ಲಿ ಗದರುತ್ತಾನೆ. ಥಿಯೇಟರ್‌ನಲ್ಲಿ ಅತಿ ದೊಡ್ಡ ನಗು ಬಂದದ್ದು ಅಲ್ಲಿ.

ಯಂತ್ರಗಳ ವಿಷಯ ಹೇಳಲೇಬೇಕು. ಡಿಬಿ5 ಅಲ್ಲದೆ ಕೆಲಸಕ್ಕೆ ಅಂತ ಕೊಟ್ಟ ಇನ್ನೊಂದು ಆಸ್ಟನ್ ಮಾರ್ಟಿನ್ ಇದೆ. ಅದರಲ್ಲಿ ಕ್ಷಿಪಣಿ ಇಲ್ಲ, ಹಾರುವ ಸೀಟಿಲ್ಲ. ಇರುವುದು ಒಂದು ಪಿಸ್ತೂಲು, ಒಂದು ಔಷಧದ ಕಿಟ್ಟು, ಎದೆಗೆ ಶಾಕ್ ಕೊಡುವ ಯಂತ್ರ. ಬಾಂಡ್‌ಗೆ ವಿಷ ಹಾಕಿದ್ದಾರೆ. ಕಾರಿನವರೆಗೆ ತೂರಾಡಿಕೊಂಡು ಬಂದು, ಪ್ಯಾಡುಗಳನ್ನು ಎದೆಗೆ ಅಂಟಿಸಿ, ಗುಂಡಿ ಒತ್ತುತ್ತಾನೆ. ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತಾನೆ. ಇಲ್ಲ. ಒಂದು ವೈರು ಕಿತ್ತು ಬಂದಿರುವುದು ನಮಗೆ ಕಾಣುತ್ತದೆ, ಅವನಿಗೆ ಕಾಣುವುದಿಲ್ಲ. ಅವನ ಹೃದಯ ನಿಂತ ಮೇಲೆ ವೆಸ್ಪರ್ ಓಡಿ ಬಂದು ಆ ವೈರು ಸಿಕ್ಕಿಸುತ್ತಾಳೆ. ಹಿಂದಿನ ಸಿನಿಮಾದ ಕಾಣದ ಕಾರನ್ನೂ ಈ ಸಿನಿಮಾದ ಕಿತ್ತುಹೋದ ವೈರನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಒಂದರಲ್ಲಿ ಬಾಂಡ್ ಸಾಯಲ್ಲ ಅಂತ ಖಾತ್ರಿ. ಇನ್ನೊಂದರಲ್ಲಿ, ಸಾಯಲ್ಲ ಅಂತ ಗೊತ್ತಿದ್ದೂ ನಮ್ಮ ಎದೆ ಡವಡವ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಂಗೀತದ ಕೆಲಸ. ಬಾಂಡ್ ಟ್ಯೂನ್ ಗೊತ್ತಿಲ್ಲದವರಿಲ್ಲ. ಬರೆದವರು ಮಾಂಟಿ ನಾರ್ಮನ್, ಮೆರುಗು ಕೊಟ್ಟವರು ಜಾನ್ ಬ್ಯಾರಿ. ಅದರ ಬೇರು ನಮ್ಮ ಕಡೆಯದ್ದು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಟ್ರಿನಿಡಾಡ್‌ನ ಭಾರತೀಯ ಮೂಲದವರ ಕಥೆಯಾದ ನೈಪಾಲರ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಕಾದಂಬರಿಯನ್ನು ನಾಟಕ ಮಾಡುವ ಆಲೋಚನೆಯಲ್ಲಿ ನಾರ್ಮನ್ ಒಂದು ಹಾಡು ಕಟ್ಟಿದ್ದರು. ಸಿತಾರಿನ ಧಾಟಿ, ಸೀನುವ ಒಬ್ಬ ಬಡಪಾಯಿಯ ಪದ್ಯ. ನಾಟಕ ಆಗಲಿಲ್ಲ. ಆ ಟ್ಯೂನನ್ನೇ ತೆಗೆದು ಗಿಟಾರಿಗೆ ಹಾಕಿದರು, ಬಾಂಡ್ ಆಯಿತು.

'ಕ್ಯಾಸಿನೊ ರಾಯಲ್'ನ ಸಂಗೀತ ನಿರ್ದೇಶಕ ಡೇವಿಡ್ ಆರ್ನಾಲ್ಡ್ ಈ ಟ್ಯೂನನ್ನು ಎರಡು ಗಂಟೆಗೂ ಹೆಚ್ಚು ಹೊತ್ತು ಬಚ್ಚಿಟ್ಟರು. ಡಿಬಿ5 ಗೆದ್ದಾಗ ಒಂದು ಎಳೆ. ಕನ್ನಡಿ ಮುಂದೆ ಜಾಕೆಟ್ ಹಾಕಿದಾಗ ಇನ್ನೊಂದು ಎಳೆ. ಬರುತ್ತದೆ ಬರುತ್ತದೆ ಅನ್ನುವಷ್ಟರಲ್ಲಿ ಜಾರಿಕೊಳ್ಳುತ್ತದೆ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವುದನ್ನು ನೋಡಿದ್ದೀರಲ್ಲ? ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಮೊದಲು ಕಾಣುವುದು ಕಿರೀಟದ ತುದಿ ಮಾತ್ರ. ಆಮೇಲೆ ಒಂದು ಕೈ. ಚೆಂಡೆ ಏರುತ್ತಾ ಹೋಗುತ್ತದೆ, ತೆರೆ ಒಂಚೂರು ಇಳಿದು ಮತ್ತೆ ಮೇಲೇಳುತ್ತದೆ. ತೆರೆ ಬೀಳುವಷ್ಟರಲ್ಲಿ ಸಭೆ ಸೀಟಿನ ತುದಿಗೆ ಬಂದಿರುತ್ತದೆ. ಆ ವೇಷ ನೇರ ನಡೆದು ಬಂದಿದ್ದರೆ? ಇಷ್ಟು ಆಗುತ್ತಿರಲಿಲ್ಲ.

'ಕ್ಯಾಸಿನೊ ರಾಯಲ್' ಅಂದರೆ ಎರಡೂ ಕಾಲು ಗಂಟೆಯ ತೆರೆ. ಕಟ್ಟಕಡೆಯ ದೃಶ್ಯದಲ್ಲಿ, ಇಟಲಿಯ ಒಂದು ಸರೋವರದ ದಂಡೆ. ಒಬ್ಬ ಮನುಷ್ಯ ಫೋನು ಎತ್ತಿ, ಯಾರು ಅಂತ ಕೇಳುತ್ತಾನೆ. ಅಷ್ಟರಲ್ಲಿ ಕಾಲಿಗೆ ಗುಂಡು ಬಿದ್ದು ತೆವಳತೊಡಗುತ್ತಾನೆ. ದೊಡ್ಡ ಬಂದೂಕು ಹಿಡಿದು ನಿಂತವನು ಆಗ ತನ್ನ ಹೆಸರು ಹೇಳುತ್ತಾನೆ. ಟ್ಯೂನ್ ಪೂರ್ತಿ ಶುರುವಾಗುತ್ತದೆ, ಪರದೆ ಕಪ್ಪಾಗುತ್ತದೆ. ಸಿನಿಮಾ ಮುಗಿದ ಜಾಗದಲ್ಲಿ ಬಾಂಡ್ ಶುರು. ಮಾವ ಟಿಕೆಟ್ ಕ್ಯಾನ್ಸಲ್ ಮಾಡಿಸಿದ್ದು ಆ ಎರಡು ನಿಮಿಷಕ್ಕೆ ಅಂತ ನನ್ನ ಅನುಮಾನ.

ಸಿನಿಮಾ ಸುಮಾರು 60 ಕೋಟಿ ಡಾಲರ್ ಗಳಿಸಿತು. ವೆಬ್‌ಸೈಟಿನ ಗಲಾಟೆ ತಣ್ಣಗಾಯಿತು. ಆ ಗಲಾಟೆಯೂ ಸಿನಿಮಾಕ್ಕೆ ಸಹಾಯವೇ ಮಾಡಿತು ಅಂತ ನನಗೆ ಅನಿಸುತ್ತದೆ. ಬೈಯುವ ಅಭಿಮಾನಿ ಬಿಟ್ಟುಹೋದವನಲ್ಲ. ಸುಮ್ನೆ ಆದವನೇ ಬಿಟ್ಟುಹೋದವನು.

ನಿರ್ದೇಶಕ ಮಾರ್ಟಿನ್ ಕ್ಯಾಂಪ್‌ಬೆಲ್‌ಗೆ ಇದು ಎರಡನೇ ಸಲ. 1995ರ 'ಗೋಲ್ಡನ್ ಐ' ಕೂಡ ಅವರದ್ದೇ. ಆಗ ಕಾನೂನು ತಕರಾರುಗಳಿಂದ ಸರಣಿ ಆರು ವರ್ಷ ನಿಂತುಹೋಗಿತ್ತು. ಅಷ್ಟರಲ್ಲಿ ಬರ್ಲಿನ್ ಗೋಡೆ ಬಿದ್ದು ಸೋವಿಯತ್ ಒಕ್ಕೂಟವೇ ಕರಗಿಹೋಯಿತು. ವೈರಿಯೇ ಇಲ್ಲದ ಮೇಲೆ ಗೂಢಚಾರ ಯಾಕೆ ಅಂತ ಎಲ್ಲರೂ ಕೇಳುತ್ತಿದ್ದರು. ಸಿನಿಮಾ ಆ ಪ್ರಶ್ನೆಯನ್ನು ಬಾಂಡ್‌ನ ಬಾಸ್ ಬಾಯಿಗೇ ಹಾಕಿತು. ಮೊದಲ ಸಲ ಎಂ ಆಗಿ ಬಂದ ಹೆಂಗಸು, ಜೂಡಿ ಡೆಂಚ್, ಅವನನ್ನು ಎದುರಿಗೆ ಕೂರಿಸಿಕೊಂಡು ನೀನು ಡೈನೋಸಾರ್ ಅಂತ ಜಾಡಿಸುತ್ತಾರೆ. ನೋಡುವವರ ಮನಸ್ಸಿನಲ್ಲಿದ್ದ ದೂರನ್ನು ಸಿನಿಮಾವೇ ಮೊದಲು ಹೇಳಿಬಿಟ್ಟರೆ ದೂರುವುದಕ್ಕೆ ಏನು ಉಳಿಯುತ್ತದೆ? (ಕ್ರೇಗ್ ಬಂದಾಗ ಕಥೆ ಮೊದಲಿಂದ ಶುರುವಾದರೂ ಡೆಂಚ್ ಮಾತ್ರ ಹಾಗೇ ಉಳಿದರು. ಲೆಕ್ಕಕ್ಕೆ ಸರಿ ಹೊಂದುವುದಿಲ್ಲ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಅಷ್ಟು ಚೆನ್ನಾಗಿ ಮಾಡುತ್ತಿದ್ದರು.)

ಕಿತ್ತುಕೊಂಡದ್ದನ್ನು ಪೂರ್ತಿ ವಾಪಸ್ ಕೊಟ್ಟ ಸಿನಿಮಾ 2012ರ 'ಸ್ಕೈಫಾಲ್'. ಸರಣಿಗೆ 50 ವರ್ಷ. ಕ್ಯೂ ಬಂದ, ಚಿಕ್ಕ ಹುಡುಗನಾಗಿ. ಮನಿಪೆನ್ನಿ ಬಂದಳು, ಆದರೆ ಅವಳೇ ಮನಿಪೆನ್ನಿ ಅಂತ ನಮಗೆ ಗೊತ್ತಾಗುವುದು ಕೊನೆಗೆ. ಗ್ಯಾರೇಜಿನ ಬಾಗಿಲು ತೆಗೆದಾಗ ಡಿಬಿ5 ಕಂಡು ಜನ ಶಿಳ್ಳೆ ಹಾಕಿದರು. ಅದೇ ಕಾರು 2002ರಲ್ಲಿ ಬಂದಿದ್ದರೆ ಇನ್ನೊಂದು ಸಿಹಿತಿಂಡಿ ಆಗುತ್ತಿತ್ತು. ಉಪವಾಸ ಮಾಡಿಸಿದ ಮೇಲೆ ಬಡಿಸಿದ್ದರಿಂದ ರುಚಿ ಬಂತು. 110 ಕೋಟಿ ಡಾಲರ್ ಗಳಿಸಿತು.

ಇದೇನು ಕೈಗೆ ಸಿಕ್ಕ ಸೂತ್ರ ಅಂದುಕೊಳ್ಳಬೇಡಿ. ಮುಂದಿನ ಸಿನಿಮಾದಲ್ಲೇ ಎಡವಿದರು. ಬ್ಲೋಫೆಲ್ಡ್ ಅನ್ನುವ ಹಳೆ ವಿಲನ್‌ನ ಹಕ್ಕು ಹತ್ತಾರು ವರ್ಷ ಕೋರ್ಟು ಕಚೇರಿ ಅಲೆದು 2013ರಲ್ಲಿ ವಾಪಸ್ ಸಿಕ್ಕಿತು. ಸಿಕ್ಕಿದ ಖುಷಿಗೆ 2015ರ 'ಸ್ಪೆಕ್ಟರ್'ನಲ್ಲಿ ಅವನನ್ನು ತಂದದ್ದಲ್ಲದೆ, ಬಾಂಡ್ ಬೆಳೆದ ಮನೆಯ ಹುಡುಗನೇ ಅವನು, ಹಿಂದಿನ ಮೂರು ಸಿನಿಮಾಗಳ ಕಷ್ಟಕ್ಕೆಲ್ಲ ಅವನೇ ಕಾರಣ ಅಂದರು. ಎಲ್ಲ ಗಂಟನ್ನೂ ಒಂದೇ ಗೂಟಕ್ಕೆ ಕಟ್ಟಿದರೆ ಹಳೆ ಸಿನಿಮಾಗಳೂ ಚಿಕ್ಕದಾಗಿ ಕಾಣುತ್ತವೆ. ನಮ್ಮ ದೇಶದಲ್ಲಿ ಆ ಸಿನಿಮಾ ನೆನಪಿರುವುದು ಬೇರೆ ಕಾರಣಕ್ಕೆ. ಸೆನ್ಸಾರ್ ಮಂಡಳಿ ಬಾಂಡ್‌ನ ಮುತ್ತಿಗೆ ಕತ್ತರಿ ಹಾಕಿತು. 'ಸಂಸ್ಕಾರಿ ಬಾಂಡ್' ಅಂತ ಟ್ವಿಟರ್ ತುಂಬ ಜೋಕು. ಸಿನಿಮಾಕ್ಕಿಂತ ಅದೇ ಜಾಸ್ತಿ ಮಜಾ ಕೊಟ್ಟಿತು.

ಬಾಂಡ್ ಅಂದಾಗ ನಮ್ಮ ಪ್ರಕಾಶ್ ನೆನಪಾಗದೆ ಇರುವುದಿಲ್ಲ. ಸಿಐಡಿ 999. ದೊರೈ-ಭಗವಾನ್ ಜೋಡಿ 1968ರಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಹಾಕಿಕೊಂಡು 'ಜೇಡರ ಬಲೆ' ಮಾಡಿತು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಆಮೇಲೆ ಒಂಬತ್ತು ವರ್ಷ ಸುದ್ದಿಯಿಲ್ಲ. 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂತು. ರಾಜ್ ಅವರೇ ಇಂಗ್ಲಿಷಿನಲ್ಲಿ ಹಾಡಿದ 'ಇಫ್ ಯು ಕಮ್ ಟುಡೇ' ಅದರದ್ದು. ಆಗ ಹುಟ್ಟೇ ಇರದ ಹುಡುಗರು ಈಗ ಫೋನಿನಲ್ಲಿ ಅದನ್ನು ಹಾಕಿಕೊಂಡು ಕುಣಿಯುತ್ತಾರೆ. ನಾಲ್ಕನೇ ಸಿನಿಮಾಕ್ಕೇ ಸರಣಿ ನಿಂತಿತು. ಜಾಗ ತುಂಬುವವರಿಲ್ಲ ಅನ್ನುವುದೇ ಕಾರಣ ಅಂತ ನನಗೆ ಅನಿಸುವುದು. 999 ಒಂದು ವೇಷ ಆಗಲಿಲ್ಲ, ರಾಜ್‌ಕುಮಾರ್ ಅವರೇ ಆಗಿಬಿಟ್ಟರು. ಇನ್ನೊಬ್ಬರನ್ನು ಆ ಕೋಟಿನಲ್ಲಿ ನೋಡಲು ನಾವು ಒಪ್ಪುತ್ತಿದ್ದೆವಾ? ಇಲ್ಲ ಬಿಡಿ.

ಹೊಸ ಸಿನಿಮಾದ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಅದು ಜನರನ್ನು ಹಿಂದಕ್ಕೆ ಕಳಿಸುತ್ತದೆ. ಕ್ರೇಗ್ ನೋಡಿ ಬಂದವರು ತಿಮೊಥಿ ಡಾಲ್ಟನ್‌ನ ಎರಡು ಸಿನಿಮಾಗಳನ್ನು ಮತ್ತೆ ಹಾಕಿಕೊಂಡು ನೋಡಿದರು. 1980ರ ದಶಕದಲ್ಲಿ ಇವನು ನಗುವುದೇ ಇಲ್ಲ ಅಂತ ಬೈಸಿಕೊಂಡಿದ್ದ ಬಾಂಡ್ ಈಗ ಕಾಲಕ್ಕಿಂತ ಮುಂದೆ ಬಂದವನ ಹಾಗೆ ಕಂಡ. 1969ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್' ಕಥೆಯೂ ಅದೇ. ಲಾಜೆನ್ಬಿ ಮಾಡಿದ್ದು ಅದೊಂದೇ. ಬಾಂಡ್ ಮದುವೆಯಾಗುತ್ತಾನೆ, ಹೆಂಡತಿ ಅಂದೇ ಕೊಲೆಯಾಗುತ್ತಾಳೆ. ಬಾಂಡ್ ಅಳುವುದನ್ನು ಆಗಿನವರು ನೋಡಲು ತಯಾರಿರಲಿಲ್ಲ. 2021ರ 'ನೋ ಟೈಮ್ ಟು ಡೈ' ಆ ಸಿನಿಮಾದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ್ದ ಹಾಡನ್ನೇ ಎತ್ತಿಕೊಂಡು ತನ್ನ ಕೊನೆಗೆ ಇಟ್ಟಿತು. 52 ವರ್ಷ ಹಿಂದಿನ ಸಿನಿಮಾದ ಗೌರವ ಒಂದೇ ಹಾಡಿನಲ್ಲಿ ಏರಿತು.

ಮಾವ 'ನೋ ಟೈಮ್ ಟು ಡೈ' ನೋಡಿದ್ದು ಮನೆಯಲ್ಲಿ, ಮಗಳು ಹಾಕಿಕೊಟ್ಟ ಟಿವಿಯಲ್ಲಿ. ಬಾಂಡ್ ಅದರಲ್ಲಿ ಸಾಯುತ್ತಾನೆ. ಸತ್ತಮೇಲೆ ಹೆಸರುಗಳೆಲ್ಲ ಹೋಗಿ, ಜೇಮ್ಸ್ ಬಾಂಡ್ ಮತ್ತೆ ಬರುತ್ತಾನೆ ಅನ್ನುವ ಹಳೆ ಸಾಲು ಮೂಡುತ್ತದೆ. ರಾತ್ರಿ ಹನ್ನೊಂದಕ್ಕೆ ನನಗೆ ಫೋನು. ಸತ್ತವನು ಹೆಂಗೆ ಬರ್ತಾನೆ ಮಾವ ಅಂತ ನಾನೇ ಕೇಳಿದೆ. "ಕರ್ಣಪರ್ವದಲ್ಲಿ ನಿನ್ನೆ ಸತ್ತ ಕರ್ಣ ಇವತ್ತು ಮುಂದಿನ ಊರಲ್ಲಿ ಬಣ್ಣ ಹಚ್ಕೊಂಡು ಕೂತಿರಲ್ವೇನೋ" ಅಂದರು.

ಮುಂದಿನ ಆಟದ ಮೇಳದ ಯಜಮಾನರು ಮಾತ್ರ ಬದಲಾಗಿದ್ದಾರೆ. ಎಂಜಿಎಂ ಕೊಂಡ ಅಮೆಜಾನ್ 2025ರ ಫೆಬ್ರವರಿಯಲ್ಲಿ ಬಾಂಡ್‌ನ ಪೂರ್ತಿ ಹಿಡಿತ ತಗೊಂಡಿತು. ಬ್ರಾಕೊಲಿ ಮನೆತನ ಪಕ್ಕಕ್ಕೆ ಸರಿಯಿತು. ನಿರ್ದೇಶನ ಡೆನಿ ವಿಲ್ನೋವ್, ಬರವಣಿಗೆ ಸ್ಟೀವನ್ ನೈಟ್ ಅಂತ ಹೇಳಿದ್ದಾರೆ. ವೇಷಧಾರಿಯ ಹೆಸರಿನ ಮೇಲೆ ಬೆಟ್ಟಿಂಗ್ ನಡೆಯುತ್ತಿದೆ. ಮಾವ ಈಗಲೇ ಶುರು ಮಾಡಿದ್ದಾರೆ, ಯಾರನ್ನು ಹಾಕಿದರೂ ಕ್ರೇಗ್‌ನಷ್ಟು ಚೆನ್ನಾಗಿರಲ್ಲ ಅಂತ.